ಇಂಡಕ್ಷನ್ ಫರ್ನೇಸ್ ಸಿಮ್ಯುಲೇಶನ್: ಸುಳಿಗಳು ಬಂದಿವೆ, ಲೋಹ ಮಾತ್ರ ಬೆರೆಯುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಉಕ್ಕು ಕರಗಿಸುವ ಇಂಡಕ್ಷನ್ ಫರ್ನೇಸ್ ಒಳಗೆ ಲೋಹ ಹೇಗೆ ಹರಿಯುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಕುಲುಮೆ ದುಂಡಗಿದೆ ಅಂತ 2ಡಿ ಮಾಡೆಲ್ ತಗೊಂಡೆ, ಟರ್ಬುಲೆನ್ಸ್‌ಗೆ (ಹರಿವಿನ ಅಡ್ಡಾದಿಡ್ಡಿ ಕಲಕಾಟಕ್ಕೆ) ಕೆ-ಎಪ್ಸಿಲಾನ್ ಅನ್ನುವ ಮಾಡೆಲ್. ಮೇಲೊಂದು, ಕೆಳಗೊಂದು ಸುಳಿ ಚೆನ್ನಾಗಿಯೇ ಬಂದಿವೆ. ಆದರೆ ಮೇಲಿನಿಂದ ಹಾಕಿದ ಮಿಶ್ರಲೋಹ ಮೇಲಿನ ಸುಳಿಯಲ್ಲೇ ಸುತ್ತುತ್ತಿದೆ, ಕೆಳಗೆ ಇಳಿಯೋದೇ ಇಲ್ಲ ಅನ್ನುವಷ್ಟು ನಿಧಾನ. ಕುಲುಮೆ ಹತ್ತಿರ ಕೆಲಸ ಮಾಡುವವರು "ಹಾಕಿದ ಸ್ವಲ್ಪ ಹೊತ್ತಿಗೇ ಬೆರೆತುಹೋಗುತ್ತೆ" ಅಂತಾರೆ. ಮೆಶ್ (ಲೆಕ್ಕಕ್ಕಾಗಿ ಲೋಹವನ್ನು ಸಣ್ಣ ಸೆಲ್‌ಗಳಾಗಿ ಹಂಚಿದ ಬಲೆ) ಮೂರು ಸಲ ಸಣ್ಣ ಮಾಡಿ ನೋಡಿದೆ, ಉತ್ತರ ಬದಲಾಗಲಿಲ್ಲ. ತಪ್ಪೆಲ್ಲಿದೆ?

ಉತ್ತರ: ಕುಲುಮೆಯವರ ಮಾತೇ ಸರಿ. ತಪ್ಪು ಮೆಶ್‌ನಲ್ಲಿಲ್ಲ, ಮಾಡೆಲ್‌ನಲ್ಲಿದೆ.

ಕುಲುಮೆಯ ಸುತ್ತಲಿನ ಕಾಯಿಲ್‌ನ ನಡುಮಟ್ಟದಲ್ಲಿ ಲೊರೆಂಟ್ಸ್ ಬಲ (ಲೋಹದಲ್ಲಿ ಹರಿಯುವ ವಿದ್ಯುತ್ತಿನ ಮೇಲೆ ಕಾಂತಕ್ಷೇತ್ರ ಹಾಕುವ ಬಲ) ಲೋಹವನ್ನು ಗೋಡೆಯಿಂದ ಒಳಕ್ಕೆ ತಳ್ಳುತ್ತೆ. ಅಲ್ಲಿಂದ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ತಿರುಗುತ್ತೆ. ಕೆ-ಎಪ್ಸಿಲಾನ್ ಲೆಕ್ಕ ಹಾಕೋದು ಸರಾಸರಿ ಹರಿವನ್ನು. ಆ ಸರಾಸರಿಯಲ್ಲಿ ಎರಡು ಸುಳಿಗಳ ನಡುವಿನ ಗಡಿಯನ್ನು ಲೋಹ ದಾಟೋದೇ ಇಲ್ಲ, ಅಲ್ವಾ? ನಿಜವಾದ ಕುಲುಮೆಯಲ್ಲಿ ಆ ಗಡಿ ಒಂದೇ ಕಡೆ ನಿಲ್ಲಲ್ಲ. ಒಮ್ಮೆ ಮೇಲಿನ ಸುಳಿ ಹಿಗ್ಗುತ್ತೆ, ಇನ್ನೊಮ್ಮೆ ಕೆಳಗಿನದು. ಹಾಗಾದಾಗಲೆಲ್ಲ ಒಂದಷ್ಟು ಲೋಹ ಆಚೆ ಈಚೆ ದಾಟುತ್ತೆ. ಬಿಸಿಯನ್ನೂ ಮಿಶ್ರಲೋಹವನ್ನೂ ಸಾಗಿಸೋದು ಹೆಚ್ಚಾಗಿ ಈ ಏರಿಳಿತವೇ.

ಇದನ್ನು ವುಡ್ಸ್ ಮೆಟಲ್‌ನಲ್ಲಿ ಅಳೆದು ನೋಡಿದ್ದಾರೆ. ಅದು ಸುಮಾರು 70 ಡಿಗ್ರಿಗೇ ಕರಗುತ್ತೆ, ಹಾಗಾಗಿ ಒಳಗೆ ಪ್ರೋಬ್ ಇಳಿಸಬಹುದು. ವೇಗದ ಏರಿಳಿತ ಅತಿ ಜಾಸ್ತಿ ಕಂಡದ್ದು ಗೋಡೆಯ ಪಕ್ಕ, ಎರಡು ಸುಳಿಗಳ ನಡುವೆ. ಕೆ-ಎಪ್ಸಿಲಾನ್ ಅದನ್ನು ಸುಳಿಗಳ ಮಧ್ಯದಲ್ಲಿ ತೋರಿಸುತ್ತೆ. ನಿಮ್ಮ ಟರ್ಬುಲೆಂಟ್ ಎನರ್ಜಿಯ ಚಿತ್ರ ತೆಗೆದು ನೋಡಿ, ಇದೇ ಕಾಣಬೇಕು.

ಲಾರ್ಜ್ ಎಡ್ಡಿ ಸಿಮ್ಯುಲೇಶನ್‌ಗೆ (ದೊಡ್ಡ ಸುಳಿಗಳನ್ನು ಸರಾಸರಿ ಮಾಡದೆ ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ವಿಧಾನ) ಹೋಗಿ, ಅದೂ ಪೂರ್ತಿ 3ಡಿ. ಅರ್ಧ ಸೀಳಿನ 2ಡಿಯಲ್ಲಿ ಈ ಏರಿಳಿತ ಹುಟ್ಟೋದಿಲ್ಲ. ಟೈಮ್ ಸ್ಟೆಪ್ ಚಿಕ್ಕದಿರಲಿ. ಹರಿವು ಒಂದು ಹದಕ್ಕೆ ಬರುವವರೆಗೆ ಓಡಿಸಿ, ಆಮೇಲೆ ಮಿಶ್ರಲೋಹ ಬಿಡಿ. ನಾನು ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ ಗಡಿ ದಾಟಿ ಕೆಳಗಿಳಿದ ಮಿಶ್ರಲೋಹದ ಬಣ್ಣದ ನಾಲಿಗೆಯನ್ನು ಎಷ್ಟೋ ಸಲ ಹಿಂದೆ ಮುಂದೆ ಮಾಡಿ ನೋಡಿದ್ದೆ.

ಸ್ಕಿನ್ ಡೆಪ್ತ್ (ಕಾಂತಕ್ಷೇತ್ರ ಲೋಹದೊಳಗೆ ಇಳಿಯುವ ಆಳ) ಒಳಗೆ ಸಾಕಷ್ಟು ಸೆಲ್ ಇವೆಯಾ ಅಂತಲೂ ನೋಡಿ. ಕರಗಿದ ಉಕ್ಕಿಗೆ 50 ಹರ್ಟ್ಜ್‌ನಲ್ಲಿ ಸುಮಾರು 84 ಮಿ.ಮೀ., 1000 ಹರ್ಟ್ಜ್‌ನಲ್ಲಿ ಬರೀ 19.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಮೇಲ್ಮೈಯನ್ನು ಚಪ್ಪಟೆ ಅಂತ ಇಟ್ಟುಕೊಂಡಿದ್ದೇನೆ. ಅದು ನಡೆಯುತ್ತಾ?

ಉತ್ತರ: ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಗೋಡೆಯ ಹತ್ತಿರ ಆರ್‌ಎಂಎಸ್ ಕಾಂತಕ್ಷೇತ್ರ 0.1 ಟೆಸ್ಲಾ ಅನ್ನಿ. ಅದು ಲೋಹದ ಮೇಲೆ ಹಾಕುವ ಒತ್ತಡ ಸುಮಾರು 4000 ಪಾಸ್ಕಲ್. ಕರಗಿದ ಉಕ್ಕಿನ ಸಾಂದ್ರತೆ ಘನ ಮೀಟರಿಗೆ ಸುಮಾರು 7000 ಕೆ.ಜಿ. ಆ ಒತ್ತಡಕ್ಕೆ ಮೇಲ್ಮೈ ನಡುವೆ ಗುಮ್ಮಟದ ಹಾಗೆ ಹೆಚ್ಚುಕಮ್ಮಿ 6 ಸೆಂ.ಮೀ. ಏಳುತ್ತೆ. ಲೋಹದ ಆಳ 30 ಸೆಂ.ಮೀ. ಆಗಿದ್ದರೆ ಇದನ್ನು ಸುಮ್ನೆ ಬಿಡೋ ಹಾಗಿಲ್ಲ. ಗುಮ್ಮಟ ಎದ್ದಾಗ ಮೇಲಂಚಿನಲ್ಲಿ ಲೋಹ ಗೋಡೆ ಬಿಟ್ಟು ಸರಿಯುತ್ತೆ, ಕ್ಷೇತ್ರ ಬದಲಾಗುತ್ತೆ, ಮೇಲಿನ ಸುಳಿಯ ಆಕಾರವೂ ಬದಲಾಗುತ್ತೆ. ಆಗ ಕ್ಷೇತ್ರದ ಲೆಕ್ಕ, ಹರಿವಿನ ಲೆಕ್ಕ ಎರಡೂ ಒಂದಕ್ಕೊಂದು ಮಾತಾಡಬೇಕು. ಕ್ಷೇತ್ರಕ್ಕೆ ಎಲ್ಮರ್, ಹರಿವಿಗೆ ಓಪನ್‌ಫೋಮ್, ಎರಡನ್ನೂ ಜೋಡಿಸೋಕೆ ಇಒಎಫ್-ಲೈಬ್ರರಿ. ಮೂರೂ ಉಚಿತ ಸಾಫ್ಟ್‌ವೇರ್.

ಫ್ರೀಕ್ವೆನ್ಸಿ ಎಷ್ಟು ಅಂತ ನೀವು ಬರೆದಿಲ್ಲ. ಅಷ್ಟೇ ಪವರ್‌ಗೆ ಫ್ರೀಕ್ವೆನ್ಸಿ ಇಳಿದಷ್ಟೂ ಕಲಕೋದು ಜಾಸ್ತಿ, ಗುಮ್ಮಟವೂ ಎತ್ತರ. 50 ಹರ್ಟ್ಜ್ ಆಗಿದ್ದರೆ ಚಪ್ಪಟೆ ಮೇಲ್ಮೈ ಇಟ್ಟುಕೊಳ್ಳಲೇಬೇಡಿ.