ಕ್ವಿನ್‌ಪಿರೋಲ್ ಕೊಟ್ಟ ಇಲಿಗಳಲ್ಲಿ ಸೆನ್ಸಿಟೈಸೇಶನ್ ಕಾಣುತ್ತಿಲ್ಲ, ಡೋಸ್ ಏರಿಸಬೇಕೇ?

ಪ್ರಶ್ನೆ: ಕ್ವಿನ್‌ಪಿರೋಲ್ ಅಂದರೆ ಮೆದುಳಿನ ಡೋಪಮಿನ್ ರಿಸೆಪ್ಟರ್‌ಗಳನ್ನು ಕೆರಳಿಸುವ ಔಷಧ; ಮತ್ತೆ ಮತ್ತೆ ಕೊಟ್ಟಂತೆ ಅದರ ಪರಿಣಾಮ ಏರುವುದೇ ಸೆನ್ಸಿಟೈಸೇಶನ್. ನಮ್ಮವು ಲಾಂಗ್-ಇವಾನ್ಸ್ ತಳಿಯ ಗಂಡು ಇಲಿಗಳು. 0.5 ಮಿ.ಗ್ರಾಂ/ಕೆ.ಜಿ., ಚರ್ಮದಡಿ, ದಿನಕ್ಕೊಂದರಂತೆ ಒಟ್ಟು 5 ಇಂಜೆಕ್ಷನ್. ಔಷಧ ಕೊಟ್ಟು ಅವುಗಳ ಪಂಜರಕ್ಕೇ ಬಿಡುತ್ತೇವೆ. ಮೊದಲ ಮತ್ತು ಕೊನೆಯ ದಿನ ಮಾತ್ರ ಓಪನ್ ಫೀಲ್ಡ್‌ನಲ್ಲಿ (ಓಡಾಟ ಅಳೆಯುವ ಬಯಲು ಜಾಗ) 15 ನಿಮಿಷ ರೆಕಾರ್ಡಿಂಗ್. ಸಲೈನ್ ಗುಂಪಿಗೂ ಇವಕ್ಕೂ ವ್ಯತ್ಯಾಸವಿಲ್ಲ. 1 ಮಿ.ಗ್ರಾಂಗೆ ಹೋಗೋಣವೇ? ಅನುಭವ ಇದ್ದವರು ತಿಳಿಸಿ.

ಬೆಂಚ್‌ಮೇಟ್: ಡೋಸ್ ಮುಟ್ಟಬೇಡಿ, ಅದು ಸರಿಯಾಗಿಯೇ ಇದೆ. ಕೆನಡಾದ ಮೆಕ್‌ಮಾಸ್ಟರ್‌ನಲ್ಲಿ ಹೆನ್ರಿ ಝೆಕ್ಟ್‌ಮನ್ ಗುಂಪು 1998ರಲ್ಲಿ ಗೀಳು-ತಪಾಸಣೆಯ (ಇಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಮರಳಿ ನೋಡುವ) ಮಾದರಿ ಕಟ್ಟಿದ್ದೇ ಈ 0.5ರಲ್ಲಿ. ನಿಮ್ಮಲ್ಲಿ ಎಡವಿರುವುದು ಜಾಗ ಮತ್ತು ಲಯ. ವಾರಕ್ಕೆ ಎರಡು ಇಂಜೆಕ್ಷನ್, ಒಟ್ಟು 8ರಿಂದ 10. ಪ್ರತಿ ಸಲವೂ ಔಷಧ ಕೊಟ್ಟ ಕೂಡಲೇ ಅದೇ ಓಪನ್ ಫೀಲ್ಡ್‌ಗೆ ಬಿಡಿ. ಪಂಜರದಲ್ಲಿ ಬೆಳೆದ ಸೆನ್ಸಿಟೈಸೇಶನ್ ಹೊಸ ಜಾಗಕ್ಕೆ ಪೂರ್ತಿ ದಾಟಿ ಬರುತ್ತದೆಂದು ನಂಬುವಂತಿಲ್ಲ. ಜಾಗದ ಪಾತ್ರ ಎಷ್ಟೆಂದು ತಿಳಿಯಬೇಕಾದರೆ ಮೂರನೆಯ ಗುಂಪು ಇಡಿ: ಫೀಲ್ಡ್‌ನಲ್ಲಿ ಸಲೈನ್, ಪಂಜರದಲ್ಲಿ ಔಷಧ. ಕೊನೆಗೆ ಎಲ್ಲಾ ಗುಂಪಿಗೂ ಫೀಲ್ಡ್‌ನಲ್ಲೇ ಕ್ವಿನ್‌ಪಿರೋಲ್ ಕೊಟ್ಟು ಹೋಲಿಸಿ.

15 ನಿಮಿಷ ಸಾಲುವುದಿಲ್ಲ. ಈ ಔಷಧದ ಪರಿಣಾಮ ಎರಡು ಹಂತದ್ದು: ಮೊದಮೊದಲು ಇಲಿ ಮಂಕಾಗಿ ಕೂರುತ್ತದೆ, ಓಡಾಟ ಆಮೇಲೆ. ಮೊದಲ ಇಂಜೆಕ್ಷನ್ನಿನಲ್ಲಂತೂ ನೀವು ಅಳೆದಿರುವುದು ಹೆಚ್ಚಾಗಿ ಆ ಮಂಕುತನವನ್ನೇ. 55-60 ನಿಮಿಷ ರೆಕಾರ್ಡ್ ಮಾಡಿ, ಅದನ್ನು 5 ನಿಮಿಷಗಳ ತುಂಡು ಮಾಡಿ ನೋಡಿ.

ಮೈಕ್ರೋಪಿಪೆಟ್: ದ್ರಾವಣವನ್ನೂ ಒಮ್ಮೆ ನೋಡಿಬಿಡಿ. 0.9% ಸಲೈನ್ 10 ಮಿ.ಲೀ.ಗೆ 5 ಮಿ.ಗ್ರಾಂ ಪುಡಿ ಹಾಕಿದರೆ 0.5 ಮಿ.ಗ್ರಾಂ/ಮಿ.ಲೀ.; ಕೆ.ಜಿ.ಗೆ 1 ಮಿ.ಲೀ. ಲೆಕ್ಕದಲ್ಲಿ 300 ಗ್ರಾಂ ಇಲಿಗೆ 0.3 ಮಿ.ಲೀ. ತೂಕ ಅವತ್ತಿನದೇ ಇರಲಿ, ಐದು ವಾರದಲ್ಲಿ ಎಳೆಯ ಗಂಡು ಇಲಿ ಚೆನ್ನಾಗಿಯೇ ಬೆಳೆದಿರುತ್ತದೆ. ಬಾಟಲಿಯಲ್ಲಿರುವುದು ಹೈಡ್ರೋಕ್ಲೋರೈಡ್ ಲವಣ. ಡೋಸ್ ಬೇಸ್ (ಲವಣದ ಭಾಗ ಬಿಟ್ಟ ಔಷಧ) ಲೆಕ್ಕದ್ದಾದರೆ 0.5ರ ಬದಲು ಸುಮಾರು 0.58 ಮಿ.ಗ್ರಾಂ ಲವಣ ಬೇಕು. ಯಾವ ಲೆಕ್ಕವೆಂದು ಪ್ರಬಂಧದಲ್ಲಿ ಬರೆಯಿರಿ, ಬಹಳ ಜನ ಬರೆಯುವುದೇ ಇಲ್ಲ. ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಚುಚ್ಚಿ. ಸೂಜಿ ಮಡಿಕೆಯ ಆಚೆಗೆ ಹೊರಬಂದು ತುಪ್ಪಳ ಒದ್ದೆಯಾಯಿತೆಂದರೆ ಡೋಸ್ ಎಷ್ಟು ಒಳಹೋಯಿತೋ ಹೇಳಲಾಗದು. ಅಂದಾಜಿನಲ್ಲಿ ಮತ್ತೊಂದು ಚುಚ್ಚಬೇಡಿ, ಬರೆದಿಡಿ. 0.03ರಂಥ ತೀರಾ ಕಡಿಮೆ ಡೋಸ್‌ನಲ್ಲಿ ಆಟೋರಿಸೆಪ್ಟರ್ (ಡೋಪಮಿನ್ ಬಿಡುಗಡೆಯನ್ನೇ ತಗ್ಗಿಸುವ ರಿಸೆಪ್ಟರ್) ಮೇಲುಗೈ ಆಗಿ ಓಡಾಟ ಇಳಿಯುತ್ತದೆ, ಹಾಗಾಗಿ ದ್ರಾವಣ ತೆಳುವಾದರೆ ಉತ್ತರವೇ ತಿರುಗುಮುರುಗು.

ಓಪನ್‌ಫೀಲ್ಡ್: ನಿಮ್ಮ ಫೀಲ್ಡ್ ಎಷ್ಟು ದೊಡ್ಡದು? ಮೂಲ ಮಾದರಿಯಲ್ಲಿ 160×160 ಸೆ.ಮೀ. ಮೇಜು, ಗೋಡೆಯಿಲ್ಲ, 60 ಸೆ.ಮೀ. ಎತ್ತರ, ಮೇಲೆ ನಾಲ್ಕು ವಸ್ತು. ಸಾಮಾನ್ಯ ಲ್ಯಾಬ್ ಡಬ್ಬಿಯಲ್ಲಿ ಓಡಾಟ ಹೆಚ್ಚಿದ್ದು ಗೊತ್ತಾದೀತು. ತಪಾಸಣೆ ಗೊತ್ತಾಗದು, ಹೋಗಿ ಮರಳಲು ಜಾಗವೇ ಇಲ್ಲವಲ್ಲ. ಬರೀ ಒಟ್ಟು ದೂರ ನೋಡಿ "ಗೀಳು" ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಇಷ್ಟದ ಜಾಗಕ್ಕೆ ಎಷ್ಟು ಸಲ, ಎಷ್ಟು ಬೇಗ ಮರಳಿತು, ನಡುವೆ ಬೇರೆ ಎಷ್ಟು ಕಡೆ ನಿಂತಿತು, ಅಲ್ಲಿ ಪ್ರತಿ ಸಲ ಒಂದೇ ಬಗೆಯ ಚಲನೆಯೇ, ಇವೆಲ್ಲ ಬೇಕು. ವಸ್ತುಗಳ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿ. ಒಂದು ಇಲಿ ಆದಮೇಲೆ ಮೇಜನ್ನೂ ವಸ್ತುಗಳನ್ನೂ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಮುಂದಿನದು.

ಪ್ರಶ್ನೆ ಕೇಳಿದವರು: ಧನ್ಯವಾದ. ಆಂಫೆಟಮಿನ್‌ಗೂ ಇದೇ ವೇಳಾಪಟ್ಟಿ ನಡೆಯುತ್ತದೆಯೇ?

ಬೆಂಚ್‌ಮೇಟ್: ಹಾಗೇ ಎತ್ತಿ ಹಾಕಬೇಡಿ. ಅಲ್ಲಿ ಡೋಸ್ ಹೆಚ್ಚಾದರೆ ಇಲಿ ನಿಂತಲ್ಲೇ ಮೂಸುತ್ತಾ ತಲೆ ಆಡಿಸುತ್ತದೆ, ಓಡಾಟದ ಗ್ರಾಫ್ ಇಳಿಯುತ್ತದೆ. ಸೆನ್ಸಿಟೈಸೇಶನ್ ಇಲ್ಲವೆಂದು ತಪ್ಪು ತಿಳಿಯುವುದು ಅಲ್ಲೇ. ಚಾಲೆಂಜ್ ಡೋಸ್ (ಕೊನೆಯ ಪರೀಕ್ಷೆಯಲ್ಲಿ ಕೊಡುವುದು) ಕಡಿಮೆ ಇರಲಿ, ಸ್ಟೀರಿಯೊಟೈಪಿಯನ್ನು (ಆ ನಿಂತಲ್ಲೇ ಮರುಕಳಿಸುವ ಚಲನೆ) ಗುಂಪು ಗೊತ್ತಿಲ್ಲದವರು ಬೇರೆಯಾಗಿ ಸ್ಕೋರ್ ಮಾಡಲಿ.

ಅಂಕಿಸಂಖ್ಯೆ: 8 ಇಲಿಗೆ 10 ಸೆಶನ್ ಅಂದರೆ ಎನ್ (ಮಾದರಿಯ ಗಾತ್ರ) 80 ಅಲ್ಲ, 8. ಅಂಕಿಸಂಖ್ಯೆಯ ಮಿಶ್ರ ಮಾದರಿಯಲ್ಲಿ (ಮಿಕ್ಸ್ಡ್ ಮಾಡೆಲ್) ಇಲಿಯನ್ನು ರ‍್ಯಾಂಡಮ್ ಅಂಶವಾಗಿ ಇಟ್ಟು, ಗುಂಪು × ಸೆಶನ್ ನೋಡಿ. ಇನ್ನೊಂದು, 5 ಇಂಜೆಕ್ಷನ್ 10 ಆಗುವ ಮೊದಲು ಐಎಇಸಿಗೆ (ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ) ತಿದ್ದುಪಡಿ ಕೊಟ್ಟು ಅನುಮತಿ ಪಡೆಯಿರಿ. ಮೂರನೆಯ ಗುಂಪಿನ ಇಲಿಗಳನ್ನೂ ಅದರಲ್ಲೇ ಸೇರಿಸಿ.