ಟೂರ್ನಿಕೆಗೆ ‘ರಕ್ತಬಂಧಕ’ ಸರಿಯೆ?

ತುರ್ತು ಚಿಕಿತ್ಸೆಯ ನರ್ಸುಗಳಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಕ್ತ ತಡೆಯಲು ಕೈಕಾಲಿಗೆ ಬಿಗಿದು ಕಟ್ಟುವ ಪಟ್ಟಿಯಾದ ಟೂರ್ನಿಕೆಗೆ ‘ರಕ್ತಬಂಧಕ’ ಎಂದು ಬರೆದುಕೊಂಡು ಹೊರಟಿದ್ದೆ. ನಾಲ್ಕು ಪುಟ ದಾಟುವಷ್ಟರಲ್ಲಿ ಆ ಪದ ಕಾಲಿಗೆ ತೊಡರಿತು.

ಅಪಘಾತದಲ್ಲಿ ಕಾಲು ಜಜ್ಜಿಹೋದವನಿಗೆ ಕಟ್ಟುವುದಾದರೆ ರಕ್ತ ಪೂರಾ ನಿಲ್ಲಬೇಕು. 1718ರಲ್ಲಿ ಫ್ರಾನ್ಸಿನ ಝಾನ್ ಲೂಯಿ ಪೆಟಿ ತಿರುಪು ಹಾಕಿ ಬಿಗಿಸುವ ಸಾಧನ ಮಾಡಿದ್ದು ಅದಕ್ಕೇ. ಹೆಸರೂ ‘ತಿರುಗಿಸು’ ಎಂಬ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಅಲ್ಲಿಗೆ ರಕ್ತಬಂಧಕ ಒಪ್ಪುತ್ತದೆ. ಡ್ರಿಪ್ಸ್ ಹಾಕುವ ಮುಂಚೆ ತೋಳಿಗೆ ಕಟ್ಟುವ ರಬ್ಬರು ಪಟ್ಟಿ ಹಾಗೆ ಮಾಡಿದರೆ ಕೆಲಸವೇ ಕೆಟ್ಟಿತು. ರಕ್ತ ಕೈಗೆ ಇಳಿಯುತ್ತಿರಬೇಕು, ವಾಪಸು ಹೋಗಬಾರದು. ಸಿರೆ (ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ನಾಳ) ಉಬ್ಬುವುದು ಆಗಲೇ. ಕಟ್ಟಿದ ಮೇಲೂ ಮಣಿಕಟ್ಟಿನಲ್ಲಿ ನಾಡಿ ಸಿಗಬೇಕು. ಬಿ.ಪಿ. 70/40ಕ್ಕೆ ಬಿದ್ದವನಿಗೆ ರಬ್ಬರನ್ನು ಜಗ್ಗಿ ಕಟ್ಟಿದರೆ ನಾಡಿಯೇ ಮುಚ್ಚಿ ಸಿರೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಬಿ.ಪಿ. ನೋಡುವ ಪಟ್ಟಿಯನ್ನೇ ಸುತ್ತಿದರೆ ಮುಳ್ಳು ನೋಡಿಕೊಂಡು ಕೆಳಗಿನ ಅಂಕಿಗಿಂತ ತುಸು ಕಡಿಮೆಗೆ ನಿಲ್ಲಿಸಬಹುದು. ರಬ್ಬರಿನ ಬಿಗಿ ಕೈಯಂದಾಜು. (ಈ ಪಟ್ಟಿಗೆ ‘ಕಫ್’ ಎಂದು ಬರೆದಿದ್ದೆ. ಓದಿದವರೊಬ್ಬರು ‘ಕಫಕ್ಕೂ ಸೂಜಿಗೂ ಏನು ಸಂಬಂಧ?’ ಅಂದರು. ತೆಗೆದೆ.)

ಬರೀ ‘ಕಟ್ಟು’ ಅನ್ನೋಣವೆಂದರೆ ಹಳ್ಳಿಯಲ್ಲಿ ಹಾವು ಕಡಿದ ಕಾಲು ನೆನಪಾಗುತ್ತದೆ. ಬಿಗಿದು ಕಟ್ಟಬೇಡಿ ಎಂದು ಡಾಕ್ಟರುಗಳು ಬಾಯಿ ಬಡಿದುಕೊಳ್ಳುತ್ತಿರುವುದು ಅಲ್ಲಿಯೇ. ‘ನರ ಉಬ್ಬಿಸುವ ಪಟ್ಟಿ’ ಬಾಯಿಗೆ ಹತ್ತಿರ. ವಾರ್ಡಿನಲ್ಲಿ ಎಲ್ಲರೂ ‘ನರ ಸಿಗ್ತಿಲ್ಲ, ಆ ಕೈ ಕೊಡಿ’ ಎನ್ನುವವರೇ. ಆದರೆ ಪಠ್ಯಪುಸ್ತಕದ ನರ ಬೇರೆ, ಅದು ಮಿದುಳಿನ ಸಂದೇಶ ಒಯ್ಯುವ ತಂತು. ಅಲ್ಲಿನ ಅಭಿಧಮನಿ (ಸಿರೆ), ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಎಂಬವಂತೂ ಅವಸರದಲ್ಲಿ ಓದಿದರೆ ಅದಲುಬದಲು. ಅದಕ್ಕೇ ನಾನು ಸಿರೆ ಹಿಡಿದಿದ್ದೇನೆ.

ಸದ್ಯ ನನ್ನ ಕರಡಿನಲ್ಲಿರುವುದು ‘ಒಡ್ಡುಪಟ್ಟಿ’. ತೋಟಕ್ಕೆ ನೀರು ಹಾಯಿಸುವಾಗ ಕಾಲುವೆಗೆ ಒಂದು ಬುಟ್ಟಿ ಮಣ್ಣು ಕೊಟ್ಟರೆ ನೀರು ಹಿಂದೆ ನಿಂತು ಏರುತ್ತದಲ್ಲ, ಅದೇ ಲೆಕ್ಕ. ಕ್ರಿಯಾಪದವೂ ತಾನಾಗಿ ಬಂತು: ಕ್ಯಾನುಲಾ (ಸಿರೆಯೊಳಗೆ ಇಡುವ ಸಣ್ಣ ಕೊಳವೆ) ಒಳಸೇರಿತೆಂದರೆ, ಸಲೈನ್ ತಳ್ಳುವ ಮುಂಚೆ ‘ಒಡ್ಡು ಬಿಚ್ಚಿ’. ರಕ್ತ ನಿಲ್ಲಿಸುವುದಕ್ಕೆ ‘ರಕ್ತಬಂಧಕ’ ಇರಲಿ.

ಪರಿಚಯದ ಹಿರಿಯ ನರ್ಸೊಬ್ಬರಿಗೆ ತೋರಿಸಿದೆ. ‘ಚೆನ್ನಾಗಿದೆ ಸಾರ್, ಆದ್ರೆ ನಾವು ಬೆಲ್ಟ್ ಕೊಡು ಅಂತೀವಿ’ ಅಂದರು. ನಿಮ್ಮ ಕಡೆಯೂ ಬೆಲ್ಟೇನಾ? ಹುಬ್ಬಳ್ಳಿ, ಕಲಬುರಗಿ ಕಡೆಯವರು ತಿಳಿಸಿದರೆ ಉಪಕಾರ.