ಪುಸ್ತಕ ಮುಗಿಯುವ ಹೊತ್ತಿಗೆ ಮೇಜಿನ ತುಂಬ ಕಾಗದದ ರಾಶಿ: ಈಗ ಜೋಡಿಸಬೇಕೋ, ಹಾಗೇ ಬಿಡಬೇಕೋ?

ಶಿರಿಯ_ಹೊಳೆ:
ಕುಂಬಳೆ ಸೀಮೆಯ ಊರ ಹೆಸರುಗಳ ಬಗ್ಗೆ ಪುಸ್ತಕ. 11 ಅಧ್ಯಾಯಗಳಲ್ಲಿ 9 ಮುಗಿದಿವೆ, ಡೆಮಿ ಅಷ್ಟಾಂಶ ಆಕಾರದಲ್ಲಿ 200 ಪುಟ ದಾಟೀತು. ಮೇಜು, ಮಂಚ, ನೆಲ ಎಲ್ಲ ಕಡೆ ಕಾಗದ: ಹಳೆಯ ಕನ್ನಡ ದಾಖಲೆಗಳ ಜೆರಾಕ್ಸ್, ಮಲಯಾಳದ ಕಾಗದಪತ್ರ, ಇಂಗ್ಲಿಷ್ ಗೆಜೆಟಿಯರ್ ಪುಟಗಳು, ಚೀಟಿಗಳು. ಇವುಗಳ ಜೊತೆ ಮೂರು ಸಲ ತೆಗೆದ ಪ್ರಿಂಟು ಬೇರೆ. ಮೂರರಲ್ಲೂ ಬೇರೆ ಬೇರೆ ತಿದ್ದುಪಡಿ ಉಂಟು. ಅಡಿಟಿಪ್ಪಣಿಗೆ ಬೇಕಾದ ಕಾಗದ ಬೇಕಾದಾಗ ಸಿಗುವುದಿಲ್ಲ. ಮಳೆ ಹಿಡಿದ ಮೇಲೆ ಗೋಡೆ ಬದಿಯ ಕಟ್ಟುಗಳ ಅಂಚಿಗೆ ಬೂಸ್ಟು ಬರುತ್ತಾ ಇದೆ. ಪ್ರೆಸ್ಸಿನವರು ನುಡಿ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಫೈಲು ಕೇಳಿದ್ದಾರೆ, ಬರೆದದ್ದು ಯುನಿಕೋಡ್‌ನಲ್ಲಿ. ಎಲ್ಲಿಂದ ಶುರು ಮಾಡುವುದು?

ಮಧುವಾಹಿನಿ_ದಡ:
ಈಗ ಭಾಷೆವಾರು ವಿಂಗಡಿಸಲಿಕ್ಕೆ ಮಾತ್ರ ಹೋಗಬೇಡಿ. ರಾಶಿ ನೋಡಿದಾಗ ಮೊದಲು ಹೊಳೆಯುವುದೇ ಅದು: ಕನ್ನಡದ್ದೊಂದು ಕಟ್ಟು, ಮಲಯಾಳದ್ದೊಂದು, ಇಂಗ್ಲಿಷಿನದ್ದೊಂದು. ನಮ್ಮ ಕಡೆ 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದರಿಂದ ದಾಖಲೆಗಳೂ ಹೆಚ್ಚುಕಡಿಮೆ ಹಾಗೆಯೇ ಎರಡು ಪಾಲಾಗಿವೆ. ಆದರೆ ಒಂದು ಊರ ಹೆಸರಿನ ಬಗ್ಗೆ ಬರೆಯುವಾಗ ಎರಡೂ ಪಾಲು ಒಟ್ಟಿಗೆ ಬೇಕು. ಭಾಷೆಯ ಪ್ರಕಾರ ಕಟ್ಟಿದರೆ ಒಂದೊಂದು ಟಿಪ್ಪಣಿಗೂ ಮೂರು ಕಟ್ಟು ಬಿಚ್ಚಬೇಕಾಗುತ್ತದೆ.

ಕಾಗದ ಹೋಗಬೇಕಾದ್ದು ಅಧ್ಯಾಯದ ಹಿಂದೆ. 13 ಫೈಲು ತನ್ನಿ: 11 ಅಧ್ಯಾಯಗಳಿಗೆ, ಮುನ್ನುಡಿ-ಅನುಬಂಧಕ್ಕೆ ಒಂದು, ಯಾವುದಕ್ಕೆಂದು ತಿಳಿಯದವಕ್ಕೆ ಒಂದು. ಪ್ರತಿ ಕಾಗದದ ಬಲ ಮೇಲ್ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಂಬರು ಹಾಕಿ. 4/17 ಎಂದರೆ ನಾಲ್ಕನೇ ಅಧ್ಯಾಯದ ಹದಿನೇಳನೇ ಕಾಗದ. ಒಳಗಿನ ಅನುಕ್ರಮದ ಚಿಂತೆ ಬೇಡ, ಕೈಗೆ ಬಂದ ಹಾಗೆ ನಂಬರು ಕೊಡುತ್ತಾ ಹೋಗಿ. ಎರಡು ಅಧ್ಯಾಯಗಳಿಗೆ ಬೇಕಾದ ಕಾಗದವನ್ನು ಮೊದಲು ಬರುವ ಅಧ್ಯಾಯದಲ್ಲಿಟ್ಟು, ಇನ್ನೊಂದರಲ್ಲಿ ‘4/17 ನೋಡು’ ಎಂಬ ಚೀಟಿ ಇಡಿ. ಬರೆಹದಲ್ಲಿಯೂ ಟಿಪ್ಪಣಿ ಬರಬೇಕಾದ ಜಾಗದಲ್ಲಿ [4/17] ಎಂದಷ್ಟೇ ಟೈಪ್ ಮಾಡಿ ಮುಂದೆ ಹೋಗಿ. ಆಕರದ ಪೂರ್ತಿ ವಿವರವನ್ನು ಕೊನೆಗೆ ಚೌಕ ಕಂಸ ಹುಡುಕುತ್ತಾ ಒಂದೇ ಸಲ ತುಂಬಿಸಬಹುದು.

ತಾರೀಕಿಲ್ಲದ ಜೆರಾಕ್ಸಿನ ಕಾಲ ತಿಳಿಯಲಿಕ್ಕೆ ತಲೆಬರಹ ನೋಡಿ. ದಕ್ಷಿಣ ಕನ್ನಡ ಜಿಲ್ಲೆ ಎಂದಿದ್ದರೆ 1956ರ ಮರುವಿಂಗಡಣೆಗಿಂತ ಹಿಂದಿನದು. ಕಣ್ಣೂರು ಜಿಲ್ಲೆ ಎಂದಿದ್ದರೆ 1957ರ ಜನವರಿ 1ರಿಂದ 1984ರ ಮೇ 24ರ ನಡುವಿನದು. ಕಾಸರಗೋಡು ಜಿಲ್ಲೆ ಎಂದಿದ್ದರೆ ಆಮೇಲಿನದು. ಕಚೇರಿಯಲ್ಲಿ ಹಳೆಯ ಛಾಪಿಸಿದ ನಮೂನೆಗಳನ್ನು ಮುಗಿಯುವವರೆಗೆ ಬಳಸುವುದೂ ಉಂಟು, ಆದ್ದರಿಂದ ಗಡಿ ವರ್ಷಗಳ ಕಾಗದಕ್ಕೆ ಮೊಹರನ್ನೂ ನೋಡಬೇಕು.

ಮೂರು ಪ್ರಿಂಟಿನ ವಿಷಯ ಹೆಚ್ಚು ಅಪಾಯದ್ದು. ಕಡೆಯ ಪ್ರಿಂಟನ್ನು ಮೂಲಪ್ರತಿ ಎಂದು ಇಟ್ಟುಕೊಳ್ಳಿ. ಮೊದಲನೆಯದರ ತಿದ್ದುಪಡಿಗಳನ್ನು ಕೆಂಪಿನಲ್ಲಿ, ಎರಡನೆಯದರದ್ದನ್ನು ಹಸಿರಿನಲ್ಲಿ ಅದಕ್ಕೆ ಇಳಿಸಿ. ಇಳಿಸಿದ ಹಳೆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೀಟು ಎಳೆಯಿರಿ. ಒಂದು ಪ್ರತಿಯ ಎಲ್ಲ ಪುಟಗಳಿಗೂ ಗೀಟು ಬಿದ್ದ ಮೇಲೆ ಕಟ್ಟಿ ಬೇರೆ ಕೋಣೆಗೆ ಹಾಕಿ. ಪುಸ್ತಕ ಅಚ್ಚಾಗಿ ಕೈಗೆ ಬರುವವರೆಗೆ ಬಿಸಾಡಬೇಡಿ. ಕಂಪ್ಯೂಟರಿನಲ್ಲಿ ತಿದ್ದುವಾಗ ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ ಬನ್ನಿ. ಮೊದಲಿಂದ ಹೋದರೆ ಸಾಲು ಸೇರಿದ ಹಾಗೆ ಮುಂದಿನ ಪುಟಗಳೆಲ್ಲ ಸರಿದು, ಕಾಗದದ 140ನೇ ಪುಟ ಪರದೆಯಲ್ಲಿ 143 ಆಗಿರುತ್ತದೆ.

ಮುರಕಲ್ಲು:
ಮೇಲಿನವರು ಪೆನ್ಸಿಲು ಎಂದದ್ದು ಸರಿಯಾಯಿತು. ಜೆಲ್ ಪೆನ್ನು, ಶಾಯಿ ಪೆನ್ನು ಎರಡೂ ತೇವಕ್ಕೆ ಹರಡುತ್ತವೆ. ಅಂಟುಚೀಟಿಯ ಅಂಟು ಮಳೆಗಾಲದಲ್ಲಿ ಬಿಟ್ಟು ಬೀಳುತ್ತದೆ, ಬಿದ್ದ ಚೀಟಿ ಯಾವ ಪುಟದ್ದೆಂದು ಹೇಳುವವರಿಲ್ಲ. ಉದ್ದಕ್ಕೆ ಕತ್ತರಿಸಿದ ಕಾಗದದ ಪಟ್ಟಿಯನ್ನು ಪುಟಗಳ ನಡುವೆ ಇಟ್ಟರೆ ಸಾಕು. ಪಿನ್ನು, ಕ್ಲಿಪ್ಪು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದಕ್ಕೆ ಕಲೆ ಮಾಡುತ್ತವೆ. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ. ನೂಲಿನ ಟ್ಯಾಗೇ ಒಳ್ಳೆಯದು.

ನಮ್ಮ ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ. ಅದಕ್ಕೇ ಗೋಡೆಗೆ ತಾಗಿದ ಕಟ್ಟಿಗೆ ಮೊದಲು ಬೂಸ್ಟು ಬಂದದ್ದು. ಮೇಜು, ಕಪಾಟು ಎರಡನ್ನೂ ಗೋಡೆಯಿಂದ ನಾಲ್ಕು ಇಂಚು ಈಚೆ ಎಳೆಯಿರಿ. ನೆಲದ ಮೇಲೆ ಒಂದು ಹಾಳೆಯೂ ಇರಬಾರದು, ತೇವ ಮಾತ್ರವಲ್ಲ, ಗೆದ್ದಲಿನ ದಾರಿಯೂ ಅದೇ.

ಬೂಸ್ಟು ಬಂದ ಕಾಗದವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಒಳಗೆ ಇಳಿಯುತ್ತದೆ. ಮೊದಲು ಜಗಲಿಯ ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಹೊರಗಡೆ ಝಾಡಿಸಿ. ಮೂಗು-ಬಾಯಿಗೆ ಮಾಸ್ಕ್ ಬೇಕೇ ಬೇಕು. ಬಿಸಿಲಿಗೆ ತುಂಬ ಹೊತ್ತು ಹಾಕಿದರೆ ಕಾಗದ ಹಳದಿಯಾಗಿ ಸುರುಳಿ ಸುತ್ತುತ್ತದೆ. ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ, ಜೆರಾಕ್ಸಿನ ಟೋನರ್ ಕರಗಿ ಪೆಟ್ಟಿಗೆಗೆ ಅಂಟುತ್ತದೆ. ಟೋನರ್ ಪಿವಿಸಿ ಪ್ಲಾಸ್ಟಿಕ್ ಲಕೋಟೆಗೂ ಅಂಟಿ ಅಕ್ಷರ ಎದ್ದು ಬರುತ್ತದೆ, ಲಕೋಟೆ ತರುವುದಾದರೆ ಪಾಲಿಪ್ರೊಪಿಲೀನ್ ಎಂದು ಕೇಳಿ.

ಇನ್ನು ಬೇಡದ ಕಟ್ಟುಗಳನ್ನು ಮುಚ್ಚಳ ಗಟ್ಟಿ ಕೂರುವ ಡಬ್ಬಿಯಲ್ಲಿ ಹಾಕಿಡಬಹುದು, ಆದರೆ ಒಣಗಿದ್ದನ್ನು ಮಾತ್ರ. ತೇವದ ಕಾಗದ ಮುಚ್ಚಿಟ್ಟರೆ ಬೂಸ್ಟು ಒಳಗೇ ಬೆಳೆಯುತ್ತದೆ. 30 ಲೀಟರಿನ ಡಬ್ಬಿಗೆ ಕಾಲು ಕಿಲೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿ. ನೀಲಿ ಹರಳು ನಸುಗೆಂಪಾದರೆ ನೀರು ತುಂಬಿದೆ ಎಂದು ಅರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಮಕ್ಕಳ ಕೈಗೆ ಸಿಗಬಾರದು.

ಅಚ್ಚುಮೊಳೆ:
ಫೈಲಿನ ಬಗ್ಗೆ. ಪ್ರೆಸ್ಸಿನವರು ಪುಟ ಜೋಡಿಸಲಿಕ್ಕೆ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶ ಬಳಸುತ್ತಿದ್ದರೆ ಅದು ಯುನಿಕೋಡ್ ಓದುವುದಿಲ್ಲ, ಅದಕ್ಕೇ ನುಡಿ ಕೇಳುವುದು. ಇನ್‌ಡಿಸೈನ್ ಇದ್ದರೆ ಯುನಿಕೋಡನ್ನೇ ಕೊಡಿ, ಪ್ಯಾರಾಗ್ರಾಫಿಗೆ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕಲಿಕ್ಕೆ ಹೇಳಿ. ಹಾಕದಿದ್ದರೆ ಒತ್ತಕ್ಷರ ಒಡೆಯುತ್ತದೆ.

ನುಡಿಗೆ ಬದಲಿಸಲೇಬೇಕಾದರೆ ಮೊದಲು ಯುನಿಕೋಡಿನಲ್ಲೇ ಶುಚಿ ಮಾಡಿ. ಸೊನ್ನೆಯಂತೆ ಕಾಣುವ ಎರಡು ಅಕ್ಷರ ಉಂಟು: ಅನುಸ್ವಾರ ಮತ್ತು ಕನ್ನಡದ ಅಂಕಿ ೦. ‘ಕುಂಬಳೆ’ಯಲ್ಲಿ ಅಂಕಿ ನುಸುಳಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ‘ರ‍್ಯಾಂಕ್’ ಥರದ ಪದಗಳನ್ನೂ ಒಂದೊಂದಾಗಿ ನೋಡಿ, ಎರಡೂ ಅದಲುಬದಲಾಗುವ ಜಾಗ ಅದು. ಊರ ಹೆಸರಿನ ಪುಸ್ತಕವಾದ್ದರಿಂದ ಹಳಗನ್ನಡದ ಅಕ್ಷರಗಳಾದ ೞ, ಱ ಎರಡನ್ನೂ ಒಂದು ಪುಟದಲ್ಲಿ ಟೈಪ್ ಮಾಡಿ ಪ್ರೆಸ್ಸಿನ ಫಾಂಟಿನಲ್ಲಿ ಪ್ರಿಂಟು ತೆಗೆಸಿ ನೋಡಿ, ಆಮೇಲೆ ಒಪ್ಪಿಕೊಳ್ಳಿ. ಪೇಜ್‌ಮೇಕರಿನಲ್ಲಿ ತಾನಾಗಿ ಅಡಿಟಿಪ್ಪಣಿ ಕೂರಿಸುವ ಸೌಕರ್ಯವೂ ಇಲ್ಲ. ಟಿಪ್ಪಣಿಗಳನ್ನು ಅಧ್ಯಾಯದ ಕೊನೆಗೆ ಹಾಕುವುದೇ ಮೇಲು.

ಶಿರಿಯ_ಹೊಳೆ:
ಉಪಕಾರವಾಯಿತು. ಪ್ರೆಸ್ಸಿನಲ್ಲಿ ಪೇಜ್‌ಮೇಕರೇ. ಮಲಯಾಳ ಲಿಪಿಯ ಸಾಲುಗಳು 40ರಷ್ಟು ಇವೆ, ಅವನ್ನೇನು ಮಾಡುವುದು? ಪದಸೂಚಿಯನ್ನು ಈಗಲೇ ಶುರು ಮಾಡಬಹುದೇ?

ಅಚ್ಚುಮೊಳೆ:
ನುಡಿಗೆ ಬದಲಿಸುವಾಗ ಮಲಯಾಳ ಲಿಪಿ ಪೂರ್ತಿ ಹಾಳಾಗುತ್ತದೆ. ಬದಲಿಸುವ ಮೊದಲೇ ಆ ಜಾಗದಲ್ಲಿ ಮ01, ಮ02 ಎಂದು ಗುರುತು ಹಾಕಿ. 40 ಸಾಲುಗಳನ್ನೂ ಅದೇ ಗುರುತಿನ ಜೊತೆ ಬೇರೆ ಪಿಡಿಎಫ್ ಮಾಡಿ ಕೊಟ್ಟರೆ ಪ್ರೆಸ್ಸಿನವರು ಚಿತ್ರವಾಗಿ ಕೂರಿಸುತ್ತಾರೆ. ಕರಡು ಬಂದಾಗ ಮಲಯಾಳ ಓದಬಲ್ಲ ಇನ್ನೊಬ್ಬರಿಂದ ಆ 40ನ್ನು ಮಾತ್ರ ನೋಡಿಸಿ.

ಪದಸೂಚಿಗೆ ಈಗ ಹೆಸರುಗಳ ಪಟ್ಟಿ ಮಾತ್ರ ಮಾಡಿ, ಪುಟಸಂಖ್ಯೆ ಬೇಡ. ಕಡೆಯ ಕರಡಿನಲ್ಲಿ ಪುಟ ಗಟ್ಟಿಯಾದ ಮೇಲೆ ಸಂಖ್ಯೆ ತುಂಬಿಸಿ. ಅದಕ್ಕೆ ಜಾಗ ಮಾತ್ರ ಈಗಲೇ ಎಣಿಸಬೇಕು: ಒಂದು ಫಾರ್ಮಿಗೆ, ಎಂದರೆ ಒಟ್ಟಿಗೆ ಅಚ್ಚಾಗುವ ಹಾಳೆಗೆ, 16 ಪುಟ, 13 ಫಾರ್ಮಿಗೆ 208. ಬರೆಹ 200 ಪುಟಕ್ಕೆ ನಿಂತರೆ ಸೂಚಿಗೆ ಎಂಟು ಪುಟ ಉಂಟು. 205ಕ್ಕೆ ಹೋದರೆ ಸೂಚಿಯನ್ನು ಎರಡು ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಪುಟಕ್ಕೆ ಹಿಡಿಸಬೇಕು, ಇಲ್ಲವೇ ಅರ್ಧ ಫಾರ್ಮು ಹೆಚ್ಚು ಹಾಕಿಸಬೇಕು.